ಕೊನೇ ಮನೆ ಬಿಡಬಾರದು

ಕುಣಿಗಲ್ಲಿನ ಹನುಮಂತಮ್ಮನ ಮನೆಗೆ ರೇಡಿಯೋ ಬಂದ ದಿನವೇ ತುಮಕೂರಿನ ಮರಳೂರಿನಲ್ಲಿದ್ದ ಅವರ ಸೊಸೆ ಹೊಂಬಾಳೆಯ ನೆಮ್ಮದಿ ಹೋಯಿತು.

ರೇಡಿಯೋದ ತಪ್ಪೇನೂ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಹಾಡಿಕೊಂಡಿತ್ತು. ಆದರೆ ಅದು ಬರಿಮೈಯಲ್ಲಿ ಕೂತಿರುವುದು ಹನುಮಂತಮ್ಮನಿಗೆ ನೋಡಲಾಗಲಿಲ್ಲ. ಧೂಳು ಕೂರುತ್ತದೆ, ನೊಣ ಕೂರುತ್ತದೆ, ಅದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದವರ ಕಣ್ಣು ಕೂರುತ್ತದೆ. ಮೇಲೆ ಹೊದಿಸಲು ಒಂದು ಬಟ್ಟೆ ಬೇಕು. ಅಂಗಡಿಯದು ಬೇಡ, ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆದ ಕ್ರೋಷಾದ್ದೇ ಆಗಬೇಕು. ಕ್ರೋಷಾ ಹಾಕಲು ಸೊಸೆ ಇದ್ದಾಳಲ್ಲ!

ಹೆಣ್ಣು ನೋಡಲು ಗುಬ್ಬಿ ಹತ್ತಿರದ ತೋಟದ ಮನೆಗೆ ಹೋಗಿದ್ದಾಗ ಹನುಮಂತಮ್ಮ ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಮೇಲಿದ್ದ ಕ್ರೋಷಾ ಬಟ್ಟೆಯನ್ನು ನೋಡಿದ್ದರು. ನಡುವೆ ಜೋಡಿ ನವಿಲು, ಸುತ್ತ ಬಳ್ಳಿ, ಅಂಚಿಗೆ ಗೊಂಡೆ. "ಇದನ್ನ ಹಾಕ್ದೋರ್ಯಾರು?" ಎಂದು ಕೇಳಿದ್ದಕ್ಕೆ ಹುಡುಗಿಯ ತಂದೆ ನರಸಯ್ಯ ಹಿಂದುಮುಂದು ನೋಡದೆ "ಇನ್ಯಾರು, ನಮ್ಮ ಮಗೀನೇ" ಎಂದುಬಿಟ್ಟರು. ಆ ಬಟ್ಟೆಯನ್ನು ಅವತ್ತು ಬೆಳಿಗ್ಗೆ ಪಕ್ಕದ ತೋಟದವರ ಮನೆಯಿಂದ ಕೇಳಿ ತಂದಿದ್ದರು. ಹೊಂಬಾಳೆ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡು ಎಲ್ಲರೂ ಮೆಚ್ಚಿದರು. ಮದುವೆಯಾಯಿತು. ನವಿಲುಗಳು ತಮ್ಮ ತೋಟಕ್ಕೆ ವಾಪಸ್ ಹೋದವು.

ಈಗ ಅತ್ತೆಯ ಕಡೆಯಿಂದ ಮಾತು ಬಂದಿತ್ತು. "ಹಬ್ಬದೊಳ್ಗೆ ನನ್ ರೇಡಿಯೋ ಬಟ್ಟೆ ಬರ್ಬೇಕು. ಕೈ ಬಿಡುವಿಲ್ಲ ಅಂದ್ರೆ ಹೇಳ್ಲಿ. ನಾನೇ ಬಂದು ನಾಕ್ ತಿಂಗ್ಳು ಅಲ್ಲೇ ಇದ್ದು, ಮನೆಗೆಲ್ಸ ನೋಡ್ಕಂಡು, ಪಕ್ಕದಲ್ಲೇ ಕೂತು ಹಾಕಿಸ್ತೀನಿ."

ಈ ಮಾತು ಕೇಳಿ ಹೊಂಬಾಳೆಗಿಂತ ಹೆಚ್ಚು ಬೆವರಿದವನು ಅವಳ ಗಂಡ ಶಿವರಾಮಯ್ಯ. ಕಚೇರಿಯಲ್ಲಿ ಗುಮಾಸ್ತ, ಮನೆಯಲ್ಲಿ ಅಡುಗೆಭಟ್ಟ. ಹೊಂಬಾಳೆಗೆ ಮುದ್ದೆ ತಿರುವಲು ಬರುತ್ತಿರಲಿಲ್ಲ. ಅವಳು ತಿರುವಿದರೆ ಒಳಗೆಲ್ಲ ಹಿಟ್ಟು ಹಿಟ್ಟು. ಹಾಗಾಗಿ ಸಂಜೆ ಬಾಗಿಲು ಮುಂದೆ ಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ, ಮುದ್ದೆ ತಿರುವುತ್ತಿದ್ದವನು ಅವನೇ. ಅವಳು ಎದುರಿಗೆ ಕೂತು ಅವನಿಗೆ ಗಾಳಿ ಬೀಸುತ್ತ ನಗುತ್ತಿದ್ದಳು. ಒಂದು ನಡುಮನೆ, ಒಂದು ಅಡುಗೆಮನೆ. ಇಬ್ಬರಿಗೆ ಅರಮನೆ. ಮೂರನೆಯವರು ಬಂದು ಕೂತರೆ ಶಿವರಾಮಯ್ಯನ ಹಾಸಿಗೆ ಜಗುಲಿಗೆ, ಅವನ ಮುದ್ದೆಯ ಗುಟ್ಟು ಕುಣಿಗಲ್ ಸಂತೆಗೆ.

"ಹೆಂಗಾರ ಮಾಡಿ ಆ ಬಟ್ಟೆ ಹಾಕ್ಬಿಡೇ. ನಿನ್ ಕಾಲಿಗೆ ಬೇಕಾದ್ರೂ ಬೀಳ್ತೀನಿ" ಎಂದು ಶಿವರಾಮಯ್ಯ ಅಂಗಲಾಚಿದ.

"ಕಾಲಿಗೆ ಬಿದ್ರೆ ಕ್ರೋಷಾ ಬರುತ್ತಾ? ಕಲಿಸೋರು ಬೇಕು" ಎಂದಳು ಹೊಂಬಾಳೆ.

ಅವರಿದ್ದದ್ದು ಲಾಳದ ಹಾಗೆ ಬಾಗಿದ ಒಂದು ವಠಾರದಲ್ಲಿ. ಮಧ್ಯೆ ಅಂಗಳ, ಅಂಗಳದಲ್ಲಿ ನಲ್ಲಿ. ಒಂದು ತುದಿಯಲ್ಲಿ ಮೊದಲನೇ ಮನೆ, ಅದಕ್ಕೆ ಎದುರಾಗಿ ಇನ್ನೊಂದು ತುದಿಯಲ್ಲಿ ಕೊನೇ ಮನೆ. ಕೊನೇ ಮನೆ ಇವರದು. ಅದಕ್ಕೇ ವಠಾರದಲ್ಲೆಲ್ಲ ಅವಳಿಗೆ 'ಕೊನೇ ಮನೆ ಹೊಂಬಾಳೆ' ಎಂದೇ ಹೆಸರು. ಮೊದಲನೇ ಮನೆಯ ಮಹಾಲಕ್ಷ್ಮಮ್ಮ ಕ್ರೋಷಾದಲ್ಲಿ ಎತ್ತಿದ ಕೈ. ಅವರ ಮನೆಯಲ್ಲಿ ರೇಡಿಯೋಗೆ, ಕನ್ನಡಿಗೆ, ನೀರಿನ ಹೂಜಿಗೆ, ಕೊನೆಗೆ ಗೋಡೆ ಗಡಿಯಾರಕ್ಕೂ ಕ್ರೋಷಾ ಕುಲಾವಿ ಇತ್ತು. ಒಂದೇ ತೊಂದರೆ ಎಂದರೆ ಅವರ ಕಂಠ. ತೆಂಗಿನಮರದ ತುದಿಯಲ್ಲಿರುವವನನ್ನು ಊಟಕ್ಕೆ ಕರೆಯುವಂಥ ಕಂಠ. ಇನ್ನು ನಡುವಿನ ಮನೆಯಲ್ಲಿದ್ದವನು ರಂಗಣ್ಣ. ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರು. ಹೊಂಬಾಳೆಯ ತವರೂ ಅತ್ತೆಯ ಮನೆಯೂ ಒಂದೇ ಬಸ್ಸಿನ ಎರಡು ತುದಿ. ರಂಗಣ್ಣನ ಕಿವಿಗೆ ಬಿದ್ದ ಸುದ್ದಿಗೆ ಟಿಕೆಟ್ಟೇ ಬೇಕಿರಲಿಲ್ಲ.

"ಯಾರಿಗೂ ಗೊತ್ತಾಗದಂಗೆ ಕಲಿಸ್ತೀರಾ ಅಕ್ಕಾ?" ಎಂದು ಹೊಂಬಾಳೆ ಕೇಳಿಕೊಂಡಳು.

"ಯಾರಿಗ್ ಹೇಳ್ಲಿ ನಾನು!" ಎಂದು ಮಹಾಲಕ್ಷ್ಮಮ್ಮ ಪಿಸುಗುಟ್ಟಿದರು. ಅಂಗಳದ ಬೇವಿನ ಮರದಲ್ಲಿದ್ದ ಕಾಗೆ ಹಾರಿಹೋಯಿತು.

ಪಾಠ ಶುರುವಾಯಿತು. ಮೊದಲ ಸಲ ಹೊಂಬಾಳೆ ದಾರವನ್ನು ಎಷ್ಟು ಬಿಗಿದಳೆಂದರೆ ಕಡ್ಡಿ ಒಳಗೇ ಹೋಗಲಿಲ್ಲ. "ಓಡೋಗೋ ಕರೂಗೆ ಹಗ್ಗ ಬಿಗಿದಂಗೆ ಬಿಗಿದಿದೀಯಲ್ಲೇ! ಸಡಿಲ ಬಿಡು" ಎಂದು ಬೈಸಿಕೊಂಡಳು. ಸಡಿಲ ಬಿಟ್ಟಳು. "ಇದ್ರಲ್ಲಿ ರೇಡಿಯೋ ಮುಚ್ಚೋಕಾಗಲ್ಲ. ಕೆರೇಲಿ ಮೀನ್ ಹಿಡೀಬಹುದು ನೋಡು" ಎಂದರು. ಮೂರನೇ ಸಲ ಹದ ಬಂತು. ಆ ಖುಷಿಯಲ್ಲಿ ಹೊಂಬಾಳೆ ಎಣಿಸುವುದನ್ನೇ ಬಿಟ್ಟು ಸರಸರನೆ ಹಾಕಿಕೊಂಡು ಹೋದಳು. ಬುಡದಲ್ಲಿ ಅಗಲವಾಗಿದ್ದ ಬಟ್ಟೆ ಮೇಲೆ ಹೋಗುತ್ತ ಹೋಗುತ್ತ ಸಣ್ಣಗಾಗಿ, ತುದಿಯಲ್ಲಿ ಬಾಲದ ಹಾಗೆ ನಿಂತಿತು. ರಾತ್ರಿ ಊಟದ ಹೊತ್ತಿನಲ್ಲಿ ಅದನ್ನು ನೋಡಿದ ಶಿವರಾಮಯ್ಯ, "ಇದು ರೇಡಿಯೋಗೋ, ಗರಡಿಮನೆ ಪೈಲ್ವಾನ್ಗೋ?" ಎಂದ. ಅವಳು ಅವನ ಮುದ್ದೆ ಕೋಲನ್ನೇ ಎತ್ತಿಕೊಂಡು ಅಟ್ಟಿಸಿದಳು.

ಹಾಗಾಗಿ ಬಟ್ಟೆಯನ್ನು ಬಸ್ಸಿನಲ್ಲಿ ಕುಣಿಗಲ್ಲಿಗೆ ಪಾರ್ಸಲ್ ಕಳಿಸಬೇಕಿದ್ದ ಹಿಂದಿನ ದಿನ, ಶಿವರಾಮಯ್ಯ ಕಚೇರಿಗೆ ಹೋದ ಕೂಡಲೇ ಹೊಂಬಾಳೆ ಮನೆಗೆ ಬೀಗ ಹಾಕಿ, ಲಂಗೋಟಿಯಂಥ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆ ಬದಿಯಲ್ಲೇ ಸರಿದು ಮೊದಲನೇ ಮನೆಗೆ ಹೋದಳು. ಮಹಾಲಕ್ಷ್ಮಮ್ಮ ಅವಳನ್ನು ಅಂಗಳದ ಕಡೆ ಕಿಟಕಿ ಇದ್ದ ಪಕ್ಕದ ಕೋಣೆಯಲ್ಲಿ ಕೂರಿಸಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿಲ್ಲಿ. ಈ ಒಂದೊಂದು ಕಣ್ಣಿಗೂ ಮನೆ ಅಂತೀವಿ. ಸಾಲು ತಿರುಗಿಸ್ದಾಗ ಮೊದಲನೇ ಮನೆ ಬಿಡ್ಬೇಕು, ಸರಿ. ಅದನ್ನ ಬಿಟ್ಟಿದೀಯ. ಆದ್ರೆ ಕೊನೇ ಮನೇನೂ ಬಿಟ್ಟಿದೀಯಲ್ಲೇ! ಸಾಲಿಗೊಂದು ಮನೆ ಹೋದ್ರೆ ಬಟ್ಟೆ ಚೂಪಾಗ್ದೆ ಇನ್ನೇನಾಗುತ್ತೆ? ಎಲ್ಲಾ ಬಿಚ್ಚು. ಸಾಲು ಮುಗಿದಾಗೆಲ್ಲ ಮನೆ ಎಣಿಸು. ಮೊದಲನೇ ಮನೆ ಬಿಡು, ಕೊನೇ ಮನೆ ಬಿಡಬೇಡ. ಹೇಳು."

"ಮೊದಲನೇ ಮನೆ ಬಿಡು, ಕೊನೇ ಮನೆ ಬಿಡಬೇಡ" ಎಂದಳು ಹೊಂಬಾಳೆ.

"ಎಲ್ಲಾ ಆದ್ಮೇಲೆ ದಾರ ಕತ್ತರಿಸಿ, ಕಣ್ಣಿನೊಳಗೆ ತೂರಿಸಿ ಎಳೆದು, ಗಂಟು ಹಾಕು. ಅದನ್ನ ಮರೆತ್ರೆ ಯಾರಾದ್ರೂ ತುದಿ ಹಿಡಿದು ಎಳೆದ್ರೂ ಸಾಕು, ಅಷ್ಟೂ ಬಿಚ್ಕೊಂಡು ಹೋಗುತ್ತೆ. ನಾನು ಬಟವಾಡೀಲಿ ನಮ್ ಅಕ್ಕನ ಮನೆಗೆ ಹೋಗ್ಬೇಕು. ಬಾಗಿಲು ತೆರೆದಿದ್ರೆ ಒಬ್ಬರ ಹಿಂದೆ ಒಬ್ಬರು ಬರ್ತಾರೆ. ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ಸಂಜೆ ಬರೋ ಹೊತ್ತಿಗೆ ಬಟ್ಟೆ ಮುಗ್ದಿರ್ಬೇಕು."

ಮಹಾಲಕ್ಷ್ಮಮ್ಮ ಹೊರಗೆ ಬಂದು ಬೀಗ ಜಡಿಯುತ್ತಿರುವಾಗ ಶೆಟ್ಟಿಹಳ್ಳಿ ಕಡೆಯಿಂದ ಮೊಸರು ಮಾರಲು ಬರುವ ಚಿಕ್ಕಮಾರಮ್ಮ ತಲೆಯ ಮೇಲೆ ಗಡಿಗೆ ಹೊತ್ತು ಎದುರಾದಳು.

"ಯಾಕ್ರವ್ವ, ಮಖ ಹಿಂಗ್ ಗಂಟಿಕ್ಕಂಡಿದೀರಾ?"

ಮಹಾಲಕ್ಷ್ಮಮ್ಮನ ತಲೆಯಲ್ಲಿ ಇನ್ನೂ ಆ ಚೂಪು ಬಟ್ಟೆಯೇ ನೇತಾಡುತ್ತಿತ್ತು. "ಇನ್ನೇನ್ ಮಾಡ್ಲಿ ಚಿಕ್ಕಮಾರಿ! ಆ ಹೊಂಬಾಳೆ ಕೊನೇ ಮನೆ ಬಿಟ್ಟಿದಾಳೆ ಕಣೇ."

ಚಿಕ್ಕಮಾರಮ್ಮ ಗಡಿಗೆ ಸಮೇತ ತಿರುಗಿ ಕೊನೇ ಮನೆಯ ಕಡೆ ನೋಡಿದಳು. ಬಾಗಿಲಿಗೆ ಬೀಗ.

"ಅಯ್ಯೋ ನಮ್ಮವ್ವ! ಯಾವಾಗ?"

"ದಿನಾ ಬಿಡ್ತಾನೇ ಇದ್ಲು. ನಾನ್ ನೋಡಿದ್ದು ಇವತ್ತು."

"ಗಂಟು ಕಟ್ಕಂಡೇ ಹೋದ್ಲಾ?"

"ಗಂಟಾ? ಗಂಟು ಹಾಕೋದೇ ಬರಲ್ಲ ಅವ್ಳಿಗೆ."

"ಗಂಡುಂಗೆ ಗೊತ್ತೇನ್ರವ್ವ?"

"ಗೊತ್ತು. ನೋಡಿ ನಗಾಡಿದ್ನಂತೆ."

"ನಗಾಡುದ್ನಾ!" ಚಿಕ್ಕಮಾರಮ್ಮ ಗಡಿಗೆಯನ್ನು ಕೆಳಗಿಳಿಸಿಯೇಬಿಟ್ಟಳು.

"ಯಾರಿಗೂ ಹೇಳ್ಬೇಡ ಮತ್ತೆ. ಅವರತ್ತೆಗೆ ತಿಳಿದ್ರೆ ಕುಣಿಗಲ್ಲಿಂದ ಬಂದು ಕೂತ್ಬಿಡ್ತಾರೆ. ನಂಗೆ ಬಟವಾಡಿ ಬಸ್ಸಿಗೆ ಹೊತ್ತಾಯ್ತು" ಎಂದು ಮಹಾಲಕ್ಷ್ಮಮ್ಮ ಹೊರಟೇಹೋದರು.

ಒಳಗೆ ಕೋಣೆಯಲ್ಲಿ ಹೊಂಬಾಳೆಗೆ ತನ್ನ ಹೆಸರು ಕೇಳಿಸಿದ ಹಾಗಾಯಿತು. ಆದರೆ ಎಣಿಕೆ ತಪ್ಪುತ್ತದೆಂದು ತಲೆ ಎತ್ತಲಿಲ್ಲ.

ಕ್ರೋಷಾ ಹಾಕುವವರಿಗೆ ಮನೆ ಎಂದರೆ ದಾರದ ಕಣ್ಣು. ಮೊಸರು ಮಾರುವವರಿಗೆ ಮನೆ ಎಂದರೆ ಮನೆಯೇ. ಚಿಕ್ಕಮಾರಮ್ಮ ಯಾರಿಗೂ ಹೇಳಬಾರದು ಎಂದುಕೊಂಡೇ ನಾಲ್ಕು ಹೆಜ್ಜೆ ಹಾಕಿದಳು. ಐದನೆಯ ಹೆಜ್ಜೆಗೆ ರಂಗಣ್ಣನ ಬಾಗಿಲು ಸಿಕ್ಕಿತು. ಅವನು ಖಾಕಿ ಅಂಗಿ ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿ ಹೊರಟಿದ್ದ.

"ಲೋ ರಂಗಣ್ಣ, ಕೊನೇ ಮನೆ ಹೊಂಬಾಳೆ ಮನೆ ಬುಟ್ಟು ಹೋಗವ್ಳಂತೆ ಕಣೋ! ಯಾರ್ಗೂ ಹೇಳ್ಬ್ಯಾಡ."

"ಏನಮ್ಮೋ ನೀನು! ಆ ಯಮ್ಮ ಬಾಯೇ ಬಿಡಕಿಲ್ಲ, ಮನೆ ಬಿಡ್ತಾಳಾ?"

"ಬೀಗ ನೋಡೋ ಬೇಕಾದ್ರೆ. ಬಟವಾಡಿ ಬಸ್ಸು ಅಂತಲೂ ಮಹಾಲಕ್ಷ್ಮಮ್ನೋರು ಅಂದ್ರಪ್ಪ. ಗಂಡ ನಗ್ತಾ ಕಳ್ಸವ್ನೆ!"

ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಮೂಟೆ ಇಳಿಸುತ್ತಿದ್ದ ನರಸಯ್ಯನವರಿಗೆ ಸಿಗುವಷ್ಟರಲ್ಲಿ ಸುದ್ದಿ ದಷ್ಟಪುಷ್ಟವಾಗಿ ಬೆಳೆದಿತ್ತು. ಹೊಂಬಾಳೆ ಬಟವಾಡಿಯಲ್ಲಿ ಬೆಂಗಳೂರು ಬಸ್ಸು ಹತ್ತಿದ್ದನ್ನು ಕಂಡವರೇ ಇದ್ದರು. ನರಸಯ್ಯ ಮೂಟೆಯನ್ನು ಅಲ್ಲೇ ಬಿಟ್ಟು ಅದೇ ಬಸ್ಸು ಹತ್ತಿದರು. ತುಮಕೂರಿನಲ್ಲಿ ಬಸ್ಸು ಶಿವರಾಮಯ್ಯನ ಕಚೇರಿಯ ಮುಂದೆ ಹಾಯುವಾಗ ರಂಗಣ್ಣ ಫುಟ್‌ಬೋರ್ಡಿನಿಂದ ನೇತಾಡಿ, "ಶಿವರಾಮಯ್ನೋರೇ, ಧೈರ್ಯವಾಗಿರಿ! ಮನೆ ಕಡೆ ಹೋಗಿ!" ಎಂದು ಕೂಗಿದ. ಬೀಡಾ ಅಂಗಡಿಯ ಮುಂದೆ ನಿಂತಿದ್ದ ಶಿವರಾಮಯ್ಯನಿಗೆ ಅಲ್ಲಿಯವರೆಗೆ ಧೈರ್ಯ ಚೆನ್ನಾಗಿಯೇ ಇತ್ತು. ಆ ಮಾತು ಕೇಳಿದ ಮೇಲೆ ಹೋಯಿತು.

ಇತ್ತ ಹೊಂಬಾಳೆ ಜಗತ್ತನ್ನೇ ಮರೆತಿದ್ದಳು. ಪ್ರತಿ ಸಾಲಿನ ತುದಿಯಲ್ಲೂ ನಿಂತು ಎಣಿಸಿದಳು. ಮೊದಲನೇ ಮನೆ ಬಿಟ್ಟಳು, ಕೊನೇ ಮನೆಗೆ ಕಡ್ಡಿ ತೂರಿಸಿದಳು. ಬಟ್ಟೆ ಹಲಗೆಯ ಹಾಗೆ ನೆಟ್ಟಗೆ ಬೆಳೆಯತೊಡಗಿತು. ತನ್ನ ಕೈಯನ್ನು ತಾನೇ ನೋಡಿಕೊಂಡು ಬೆರಗಾದಳು. ಮಹಾಲಕ್ಷ್ಮಮ್ಮ ಇಟ್ಟು ಹೋಗಿದ್ದ ಅವಲಕ್ಕಿಯನ್ನು ಎಡಗೈಯಲ್ಲೇ ತಿಂದಳು.

ಅಂಗಳದಲ್ಲಿ ಗದ್ದಲ ಕೇಳಿಸಿದಾಗ ಹೊಂಬಾಳೆ ಮುಂದೆ ಮಾಡಿದ್ದ ಕಿಟಕಿಯ ಕದದ ಸಂದಿಯಿಂದ ಇಣುಕಿದಳು. ಎದುರಿಗೆ ತನ್ನ ಮನೆಯ ಮೆಟ್ಟಿಲ ಮೇಲೆ ಶಿವರಾಮಯ್ಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸುತ್ತ ವಠಾರದ ಹೆಂಗಸರು. ತಲೆನೋವೆಂದು ಬೇಗ ಬಂದು, ಬೀಗ ನೋಡಿ ಕೂತಿದ್ದಾನೆ, ಪಾಪ ಎಂದುಕೊಂಡಳು. ಅಷ್ಟರಲ್ಲಿ ನಲ್ಲಿಯ ಹತ್ತಿರ ಇಬ್ಬರು ಮಾತಾಡಿದರು.

"ಬಾಯಿ ಇಲ್ಲದೋಳು ಅಂದ್ಕಂಡಿದ್ವಿ. ಹೆಂಗೆ ಮನೆ ಬಿಟ್ಟು ಹೋದ್ಲು ನೋಡು!"

"ಗಂಡನೇ ದಿನಾ ಮುದ್ದೆ ತಿರುವ್ತಿದ್ನಂತೆ. ನಾನ್ ಕಿಟ್ಕೀಲಿ ನೋಡಿದೀನಿ. ಅಂಥಾ ಗಂಡನ್ನ ಬಿಟ್ಟೋಗೋಕೆ ಮನಸ್ಸಾದ್ರೂ ಹೆಂಗ್ ಬಂತು?"

ಯಾರ ಮನೆಯ ಸಮಾಚಾರವಪ್ಪ ಎಂದು ಹೊಂಬಾಳೆ ಕುತೂಹಲದಿಂದ ಕಿವಿಗೊಟ್ಟಳು. "ಹೊಂಬಾಳೆ" ಎಂದು ಮೂರು ಸಲ ಕೇಳಿದ ಮೇಲೆ, ಮನೆ ಬಿಟ್ಟು ಹೋಗಿರುವವಳು ತಾನೇ ಎಂದು ಗೊತ್ತಾಯಿತು.

"ರೀ..." ಎಂದು ಕರೆದಳು. ಹುಟ್ಟಿದಾಗಿನಿಂದ ಏರದ ದನಿ ಕಿಟಕಿಯ ಸರಳನ್ನೂ ದಾಟಲಿಲ್ಲ. ಎದ್ದು ಹೋಗಿ ಬಾಗಿಲು ತಳ್ಳಿದಳು. ಹೊರಗೆ ಬೀಗ. ಮತ್ತೆ ಕಿಟಕಿಗೆ ಬರುವಷ್ಟರಲ್ಲಿ ಅವಳ ಅಪ್ಪ ನರಸಯ್ಯ ಬಿರುಸಾಗಿ ಬಂದು, "ಏನ್ ಮಾಡ್ದೆ ಅಳಿಯ ನನ್ ಮಗೀನ?" ಎಂದು ಶಿವರಾಮಯ್ಯನ ಮುಂದೆ ನಿಂತಿದ್ದರು.

"ನಾನೇನ್ ಮಾಡ್ದೆ ಮಾವ? ಒಂದು ಬಟ್ಟೆ ನೋಡಿ ಪೈಲ್ವಾನ್ಗಾ ಅಂದೆ. ಅಷ್ಟೇ!"

ಈಗ ಕಿಟಕಿ ತೆರೆದು ಕೈ ಬೀಸಿದರೆ ಎಲ್ಲ ಸರಿಹೋಗುತ್ತಿತ್ತು. ಹೊಂಬಾಳೆಯ ಕೈ ಕದದ ಮೇಲೂ ಹೋಯಿತು. ಆದರೆ ಮಡಿಲಲ್ಲಿ ಇನ್ನೂ ಕಾಲುಭಾಗ ಬಾಕಿ ಇತ್ತು. ಈಗ ಹೊರಗೆ ಬಂದರೆ ಕ್ರೋಷಾ ಕಲಿಯುತ್ತಿದ್ದ ಗುಟ್ಟು ರಂಗಣ್ಣನ ಬಸ್ಸಿನಲ್ಲಿ ಕುಣಿಗಲ್ ಸೇರುತ್ತದೆ, ಅತ್ತೆ ಅಲ್ಲಿಂದ ಇಲ್ಲಿಗೆ ಬರುತ್ತಾರೆ. ಅವಳು ಲೆಕ್ಕ ಹಾಕಿದಳು. ಗಂಡ ಇನ್ನು ಸ್ವಲ್ಪ ಹೊತ್ತು ಅತ್ತರೆ ಸಂಜೆಗೆ ಸುಧಾರಿಸಿಕೊಳ್ಳುತ್ತಾನೆ. ಬಟ್ಟೆ ಮುಗಿಯದಿದ್ದರೆ ಇಬ್ಬರೂ ನಾಲ್ಕು ತಿಂಗಳು ಅಳಬೇಕು. ಕದದಿಂದ ಕೈ ತೆಗೆದು ಕಡ್ಡಿ ಹಿಡಿದಳು. ಆದರೂ ಸಂದಿಯಿಂದ ಆಗಾಗ ನೋಡುತ್ತಿದ್ದಳು. ಅವನು ತನಗಾಗಿ ಅಷ್ಟು ಚೆನ್ನಾಗಿ ಅಳುವುದನ್ನು ಕಂಡು ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬಟ್ಟೆಗೆ ಕೊನೆಯ ಸಾಲು ಬಂತು. ಅದೇ ಹೊತ್ತಿಗೆ ರಸ್ತೆಯಲ್ಲಿ ರಂಗಣ್ಣನ ಬಸ್ಸು ಹಾರನ್ ಹೊಡೆದು ನಿಂತಿತು. ಮನೆಗೆ ಬೀಗ ಬಿದ್ದ ದಿನವೇ ಬೀಗರೂ ಬಂದಿಳಿದರು. ಒಂದು ಕಂಕುಳಲ್ಲಿ ಬಟ್ಟೆಗಂಟು, ಇನ್ನೊಂದು ಕಂಕುಳಲ್ಲಿ ಹಸುಗೂಸಿನಂತೆ ಸೆರಗು ಹೊದ್ದ ರೇಡಿಯೋ. ಹನುಮಂತಮ್ಮ!

"ಅಯ್ಯೋ ನನ್ ಸೊಸೆಯೇ!" ಎಂದು ಅವರು ಅಂಗಳದ ಮಧ್ಯೆ ನಿಂತು ಶುರುಮಾಡಿದರು. "ಏನ್ಲಾ ಶಿವರಾಮ, ಚಿನ್ನದಂಥ ಹುಡುಗೀನ ಎಲ್ಲೋ ಕಳ್ಕಂಡೆ? ಕೈಯಲ್ಲಿ ನವಿಲು ಕುಣಿಸ್ತಿದ್ಲಲ್ಲೋ! ಬಸ್‌ಸ್ಟಾಪ್ಗೆ ನನ್ ರೇಡಿಯೋ ಬಟ್ಟೆ ಬಂದಿರ್ಬೋದಾ ಅಂತ ಕೇಳಾಕ್ ಹೋದ್ರೆ ಈ ರಂಗಣ್ಣ ಇಂಥಾ ಸುದ್ದಿ ಹೇಳ್ತಾನೆ!"

ಹೊಂಬಾಳೆಯ ಬೆರಳುಗಳು ಓಡತೊಡಗಿದವು. ಈಗ ಬಟ್ಟೆ ಮುಗಿಸಿ, ಕೈಯಲ್ಲಿ ಹಿಡಿದುಕೊಂಡೇ ಕಿಟಕಿ ತೆರೆದರೆ ಗೆದ್ದ ಹಾಗೆ. ಇನ್ನು ಹತ್ತು ಮನೆ... ಐದು ಮನೆ...

ಆಗ ನರಸಯ್ಯ ಗಂಟಲು ಸರಿಮಾಡಿಕೊಂಡರು. "ಹನುಮಂತಮ್ನೋರೇ, ನಿಮ್ಮತ್ರ ಒಂದ್ ಮಾತು ಮುಚ್ಚಿಟ್ಟಿದ್ದೆ. ಆ ನವಿಲು ನಮ್ದಲ್ಲ. ಪಕ್ಕದ ತೋಟದೋರ್ದು. ನನ್ ಮಗೀಗೆ ಕ್ರೋಷಾ ಬರಾಕಿಲ್ಲ. ನೀವ್ ಬಟ್ಟೆ ಕೇಳಿದ್ರಲ್ಲ, ಅದಕ್ಕೇ ಹೆದ್ರಿ ಎಲ್ಲಿಗೋ ಹೊಂಟೋಗದೆ ಕೂಸು."

ಒಳಗೆ ಹೊಂಬಾಳೆ ಕೊನೇ ಮನೆ ಹಾಕಿ ಉಸಿರು ಬಿಟ್ಟಿದ್ದಳು. ಬಟ್ಟೆ ಮುಗಿದಿತ್ತು. ನಾಲ್ಕು ಮೂಲೆ, ನಾಲ್ಕೂ ನೆಟ್ಟಗೆ. ದಾರ ಕತ್ತರಿಸಲು ಕತ್ತರಿಗೆ ಕೈ ಚಾಚಿದಾಗಲೇ ಅಪ್ಪನ ಮಾತು ಕಿವಿಗೆ ಬಿದ್ದದ್ದು. ಬೆಚ್ಚಿದಳು. ಮೊಣಕೈ ಕಿಟಕಿಯ ಕಟ್ಟೆಗೆ ತಗುಲಿತು. ಕಟ್ಟೆಯ ಮೇಲಿದ್ದ ದಾರದುಂಡೆ ಸರಳುಗಳ ನಡುವೆ, ಕದದ ಸಂದಿಯಿಂದ ನುಸುಳಿ ಅಂಗಳಕ್ಕೆ ಬಿದ್ದು, ಉರುಳುತ್ತ ಹೋಗಿ ನಲ್ಲಿಯ ಹತ್ತಿರ ನಿಂತಿತು.

ಹನುಮಂತಮ್ಮ ಎಂಥ ದುಃಖದಲ್ಲಿದ್ದರೂ ಒಂದು ವಸ್ತು ಹಾಳಾಗುವುದನ್ನು ಸಹಿಸುವವರಲ್ಲ. ಒದ್ದೆ ನೆಲದಲ್ಲಿ ಬಿದ್ದಿದ್ದ ಬೆಳ್ಳನೆ ಉಂಡೆಯನ್ನು ಕಂಡರು. "ಯಾರ್ದೋ ಏನೋ, ಹೊಸಾ ದಾರ" ಎನ್ನುತ್ತ ರೇಡಿಯೋವನ್ನು ಮಗನ ತೊಡೆಯ ಮೇಲಿಟ್ಟು, ಉಂಡೆ ಎತ್ತಿ ಸುತ್ತತೊಡಗಿದರು. ಬಾಯಿ ಅಳುತ್ತಿತ್ತು, ಕೈ ಸುತ್ತುತ್ತಿತ್ತು.

"ನವಿಲು ಹೋದ್ರೆ ಹಾಳಾಗೋಗ್ಲಿ..." ಒಂದು ಸುತ್ತು. "ನನ್ ಸೊಸೆ ಬಂದ್ರೆ ಸಾಕು..." ಇನ್ನೊಂದು ಸುತ್ತು.

ಒಳಗೆ ಕೊನೆಯ ಸಾಲು ಸರ್ರನೆ ಬಿಚ್ಚಿಹೋಯಿತು. ಅದರ ಹಿಂದೆ ಇನ್ನೊಂದು. ಗಂಟು ಹಾಕಿರಲಿಲ್ಲವಲ್ಲ! ಎಣಿಸಿ ಎಣಿಸಿ ಕಟ್ಟಿದ ಮನೆಗಳೆಲ್ಲ ಒಂದೊಂದಾಗಿ ಕಿಟಕಿಯ ಸಂದಿಯಿಂದ ಹೊರಟವು. ಹೊಂಬಾಳೆ ಬಟ್ಟೆಯನ್ನು ಎದೆಗೆ ಅವುಚಿಕೊಂಡಳು. ಅದು ಎದೆಯ ಮೇಲೇ ಕರಗುತ್ತಿತ್ತು. ಕಾಲುಭಾಗ ಹೋಯಿತು, ಅರ್ಧ ಹೋಯಿತು. ಹೊರಗೆ ಹನುಮಂತಮ್ಮನ ದುಃಖ ಹೆಚ್ಚಿದಷ್ಟೂ ಸುತ್ತುವ ವೇಗವೂ ಹೆಚ್ಚಿತು. ಬರಿಯ ಬುಡದ ಸರಪಳಿ ಉಳಿದಾಗ ಹೊಂಬಾಳೆಗೆ ರೇಗಿತು. ದಾರವನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು.

"ಏಯ್ ಶಿವರಾಮ! ಈ ದಾರ ತಿರುಗ್ಸಿ ಎಳೀತದೆ ಕಣ್ಲಾ! ಗಾಳಕ್ಕೆ ಸಿಕ್ಕ ಮೀನಿನಂಗೆ!"

ಎಲ್ಲರೂ ದಾರದ ಜಾಡು ಹಿಡಿದು ಮೊದಲನೇ ಮನೆಯ ಕಿಟಕಿಗೆ ಬಂದರು. ರಂಗಣ್ಣ ಕಿಟಕಿಯ ಕದ ತಳ್ಳಿದ. ಸರಳುಗಳ ಹಿಂದೆ, ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ದಾರ, ಕಣ್ಣಲ್ಲಿ ನೀರು. ಕೊನೇ ಮನೆ ಹೊಂಬಾಳೆ!

"ಅತ್ತೇ! ಎಳೀಬೇಡೀ!" ಎಂದು ಅವಳು ಚೀರಿದಳು. ಆ ವಠಾರದಲ್ಲಿ ಅವಳ ದನಿಯನ್ನು ಎಲ್ಲರೂ ಕೇಳಿದ್ದು ಅದೇ ಮೊದಲು.

ಬಟವಾಡಿಯಿಂದ ಬಂದ ಮಹಾಲಕ್ಷ್ಮಮ್ಮನಿಗೆ ತಮ್ಮ ಕಿಟಕಿಯ ಮುಂದೆ ಜಾತ್ರೆ ಕಂಡಿತು. ಬೀಗ ತೆಗೆದರು, ವಿಷಯ ಕೇಳಿದರು, ಉಳಿದಿದ್ದ ಸರಪಳಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಮನೆ ಅಂದ್ರೆ ಇದು ಕಣ್ರೋ! ಇದನ್ನ ಬಿಟ್ಲು ಅಂದಿದ್ದು ನಾನು!"

ಎಲ್ಲರೂ ಆ ಸರಪಳಿಯ ಕಣ್ಣುಗಳನ್ನು ಬಗ್ಗಿ ನೋಡಿದರು. ಆಮೇಲೆ ನಕ್ಕರು ನೋಡಿ, ಬೇವಿನ ಮರದ ಕಾಗೆ ಮತ್ತೆ ಹಾರಿಹೋಯಿತು. ಚಿಕ್ಕಮಾರಮ್ಮ ಅವತ್ತು ಸಂಜೆಯ ಮೊಸರನ್ನು ಆ ವಠಾರಕ್ಕೆ ತರಲೇ ಇಲ್ಲ. ರಂಗಣ್ಣ ಮಾತ್ರ, "ನಾನೇನ್ ಸುಳ್ಳ್ ಹೇಳ್ಲಿಲ್ವಲ್ಲ! ಮನೆ ಬಿಟ್ಟಿದ್ದಂತೂ ನಿಜ ತಾನೇ?" ಎಂದು ವಾದಿಸಿದ.

ಹನುಮಂತಮ್ಮ ಸೊಸೆಯ ಕೆನ್ನೆ ನೇವರಿಸಿದರು. "ಕ್ರೋಷಾ ಬರಾಕಿಲ್ಲ ಅಂದ್ರೆ ಬರಾಕಿಲ್ಲ ಅನ್ನದಲ್ವೇನೆ? ನಂಗೇನ್ ಬತ್ತದಾ? ಕಡ್ಡಿ ಯಾವ್ ಕಡೆ ಹಿಡೀಬೇಕು ಅಂತ್ಲೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಹಾಕಿಸ್ತೀನಿ ಅಂದಿದ್ದೆಲ್ಲ ಸುಮ್ನೆ ಹೆದ್ರಸಾಕೆ. ಬುಡು, ರೇಡಿಯೋಗೆ ನನ್ ಹಳೇ ಸೆರಗೇ ಸಾಕು."

ಹೊಂಬಾಳೆಗೆ ಹೋದ ಜೀವ ಬಂದ ಹಾಗಾಯಿತು. ನವಿಲಿನ ಸುಳ್ಳು ಕಳೆಯಿತು, ಬಟ್ಟೆಯ ಕಾಟ ಕಳೆಯಿತು. ಅವಳು ಗಂಡನ ಕಡೆ ನೋಡಿದಳು. ಅವನು ರೇಡಿಯೋ ತಬ್ಬಿಕೊಂಡೇ ನಗುತ್ತಿದ್ದ. ರಸ್ತೆಯಲ್ಲಿ ಹಾರನ್ ಕೇಳಿಸಿತು.

"ಬಸ್ಸು ಇಲ್ಲಿಂದ್ಲೇ ವಾಪಸ್ ತಿರುಗ್ತದೆ, ಕುಣಿಗಲ್ ಟ್ರಿಪ್ಪು ಇದೇ ಲಾಸ್ಟು. ಬತ್ತೀರೇನಮ್ಮೋ?" ಎಂದು ರಂಗಣ್ಣ ಕೇಳಿದ.

ಹೊಂಬಾಳೆ ಅತ್ತೆಯ ಗಂಟನ್ನು ತಾನೇ ಎತ್ತಿಕೊಂಡು ಮುಂದೆ ನಿಂತಳು.

"ಎಲ್ಲಿಗೋ ಬರ್ಲಿ ನಾನು?" ಎಂದರು ಹನುಮಂತಮ್ಮ. "ಮಗ ಒಂಟಿಯಾದ ಅಂತ ಎಮ್ಮೇನ ಪಕ್ಕದೋರಿಗೆ ಒಪ್ಸಿ, ಮನೇನ ನನ್ ತಮ್ಮನ ಸಂಸಾರಕ್ಕೆ ಬಿಟ್ಟುಕೊಟ್ಟು, ಪಾತ್ರೆಪಗಡೆ ಎಲ್ಲಾ ಅವ್ರ ಕೈಗೆ ಕೊಟ್ಟು ಬಂದಿದೀನಿ. ಇವತ್ತು ಕೊಟ್ಟು ನಾಳೆ ಖಾಲಿ ಮಾಡಿ ಅಂದ್ರೆ ತಮ್ಮನ ಹೆಂಡ್ತಿ ಏನಂದ್ಕಂತಾಳೆ? ಅದೂ ಅಲ್ದೆ, ಏನ್ಲಾ ಶಿವರಾಮ, ನೀನು ಮುದ್ದೆ ತಿರುವ್ತೀಯಂತಲ್ಲ! ನಲ್ಲಿ ಹತ್ರ ಹೆಂಗಸ್ರೆಲ್ಲಾ ಹೇಳಿದ್ರು."

ಶಿವರಾಮಯ್ಯನ ತೋಳಿನಲ್ಲಿದ್ದ ರೇಡಿಯೋ ಇನ್ನೇನು ಬೀಳುವುದರಲ್ಲಿತ್ತು.

ಆ ದಿನ ನಿಜವಾಗಿಯೂ ಮನೆ ಬಿಟ್ಟು ಬಂದವರು ಒಬ್ಬರೇ ಎಂದು ಹೊಂಬಾಳೆಗೆ ಆಗ ಹೊಳೆಯಿತು. ಬಸ್ಸು ಹನುಮಂತಮ್ಮನನ್ನು ಬಿಟ್ಟು ಹೋಯಿತು. ನರಸಯ್ಯ ಗುಬ್ಬಿ ಬಸ್ಸು ಹಿಡಿಯಲು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

ದೀಪ ಹಚ್ಚುವ ಹೊತ್ತಿಗೆ ಕೊನೇ ಮನೆಯ ಗೂಡಿನಲ್ಲಿ ರೇಡಿಯೋ ಹಾಡುತ್ತಿತ್ತು. ಶಿವರಾಮಯ್ಯ ತನ್ನ ಹಾಸಿಗೆ ಸುರುಳಿಯನ್ನು ಜಗುಲಿಗೆ ಸಾಗಿಸುತ್ತಿದ್ದ. ನಡುಮನೆಯಲ್ಲಿ ಹನುಮಂತಮ್ಮ ತಾವೇ ಸುತ್ತಿದ ದಾರದುಂಡೆಯನ್ನು ಮುಂದಿಟ್ಟುಕೊಂಡು, ಕಡ್ಡಿಯನ್ನು ಕಳೆ ಕೀಳುವ ಕುಡುಗೋಲಿನ ಹಾಗೆ ಹಿಡಿದು ಕೂತಿದ್ದರು. "ನಂಗೂ ಕಲ್ಸಿ ಮಹಾಲಕ್ಷ್ಮಮ್ನೋರೇ. ಎಷ್ಟ್ ದಿನ ಆದ್ರೂ ಆಗ್ಲಿ, ಇನ್ನು ಇಲ್ಲೇ ಇರ್ತೀನಲ್ಲ" ಎಂದು ಅವರನ್ನೂ ಕರೆಸಿಕೊಂಡಿದ್ದರು.

ಒದ್ದಾಡಿ ಒದ್ದಾಡಿ ಅವರ ಮೊದಲ ಸಾಲು ತುದಿಗೆ ಬಂತು. ಒಂದು ಕಣ್ಣು ಬಾಕಿ ಇರುವಾಗಲೇ ಅವರು ಬಟ್ಟೆಯನ್ನು ತಿರುಗಿಸಲು ಹೊರಟರು. ಹೊಂಬಾಳೆ ಅದನ್ನು ನೋಡಿದಳು. ಬಾಗಿಲಲ್ಲಿ ದಿಂಬು ಹಿಡಿದು ನಿಂತಿದ್ದ ಗಂಡನನ್ನೂ ನೋಡಿದಳು. ಅವಳ ಎದೆಯಲ್ಲಿ ಒಂದು ಸಣ್ಣ ಆಸೆ ಚಿಗುರಿತು.

"ಅತ್ತೇ," ಎಂದಳು ಮೆಲ್ಲಗೆ, "ಕೊನೇ ಮನೆ ಬಿಡ್ತಿದೀರಾ?"

"ಬಿಡಬಾರದು! ಮೊದಲನೇ ಮನೆ ಮಾತ್ರ ಬಿಡ್ಬೇಕು!" ಎಂದು ಮಹಾಲಕ್ಷ್ಮಮ್ಮ ಗುಡುಗಿದರು.

ಹನುಮಂತಮ್ಮ ಕಡ್ಡಿ ಹಿಂದಕ್ಕೆಳೆದು, ಒಂದು ಸಲ ಸೊಸೆಯನ್ನು, ಒಂದು ಸಲ ಮಗನನ್ನು, ಒಂದು ಸಲ ನಡುಮನೆಯ ನಾಲ್ಕು ಗೋಡೆಯನ್ನು ಕಣ್ತುಂಬ ನೋಡಿದರು.

"ಮೊದಲನೇ ಮನೆ ಇವತ್ತು ಮಧ್ಯಾಹ್ನನೇ ಬಿಟ್ಟು ಬಂದಾಯ್ತಲ್ಲ," ಎಂದರು. "ಕೊನೇ ಮನೆ ನಾನ್ಯಾಕ್ ಬಿಡ್ಲಿ?"